ಬೂಮಿನ ಗ್ರಿಪ್ ಬದಲಿಸಿದ್ದು ಹೀಗೆ

ವಿಂಡ್‌ಸರ್ಫಿಂಗ್‌ನಲ್ಲಿ ಕೈಯಲ್ಲಿ ಹಿಡಿಯುವ, ಹಾಯಿಯ ಎರಡೂ ಬದಿಗೆ ಒಂದೊಂದು ತೋಳಾಗಿ ಬಾಗಿ ಹೋಗುವ ಕೊಳವೆಯೇ ಬೂಮ್. ಅದಕ್ಕೆ ಅಂಟಿಸಿದ ಫೋಮ್ ಹೊದಿಕೆ, ಅಂದರೆ ಗ್ರಿಪ್, ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೊದಲು ಕಿತ್ತುಬರುವುದು ಹಾರ್ನೆಸ್ ಲೈನಿನ (ಸವಾರನ ಮೈಪಟ್ಟಿಯ ಕೊಕ್ಕೆ ಸಿಕ್ಕಿಸುವ ಹಗ್ಗದ) ಪಟ್ಟಿ ಬಿಗಿದ ಜಾಗ, ಆಮೇಲೆ ಬೂಮನ್ನು ಹಾಯಿಕಂಬಕ್ಕೆ ಕಚ್ಚಿಸುವ ಕ್ಲಾಂಪಿನ ಪಕ್ಕದ ಬಾಗು. ಸಣ್ಣ ಸೀಳಿಗೆ ಟೇಪು ಸುತ್ತಿ ಕೆಲವು ದಿನ ದೂಡಬಹುದು. ಆದರೆ ಗ್ರಿಪ್ಪನ್ನು ಬಿಗಿಯಾಗಿ ಹಿಡಿದು ತಿರುಚಿದಾಗ ಅದು ಕೊಳವೆಯ ಮೇಲೆ ಜಾರಿದರೆ ಅಂಟು ಬಿಟ್ಟಿದೆ, ಅಡಿಗೆ ನೀರು ಹೊಕ್ಕಿದೆ. ಅಲ್ಯೂಮಿನಿಯಂ ಬೂಮಾದರೆ ಆ ಉಪ್ಪುನೀರು ಒಳಗೊಳಗೇ ಕೊಳವೆಯನ್ನು ತಿನ್ನುತ್ತಿರುತ್ತದೆ. ಆಗ ಪೂರ್ತಿ ಬಿಚ್ಚುವುದೇ ಸರಿ.

ಬಿಚ್ಚುವ ಮುನ್ನ ಹಾರ್ನೆಸ್ ಲೈನುಗಳು ಕ್ಲಾಂಪಿನಿಂದ ಎಷ್ಟು ಸೆಂ.ಮೀ. ದೂರದಲ್ಲಿವೆ ಎಂದು ಅಳೆದು ಬರೆದಿಟ್ಟುಕೊಂಡೆ. ಹೊಸ ಗ್ರಿಪ್ಪಿನ ಮೇಲೆ ಹಳೆಯ ಗುರುತು ಇರುವುದಿಲ್ಲ. ಬೂಮಿನ ಉದ್ದ ಹೊಂದಿಸುವ ಹಿಂಭಾಗದ ಎಕ್ಸ್‌ಟೆನ್ಷನ್, ಹಾಯಿಯ ಹಿಂತುದಿಯನ್ನು ಬೂಮಿಗೆ ಎಳೆದು ಕಟ್ಟುವ ಔಟ್‌ಹಾಲ್ ಹಗ್ಗ, ಲೈನುಗಳು ಹೊರಗೆ ಬಂದವು. ಮುಂದಿನ ಕ್ಲಾಂಪನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಅದನ್ನು ಕೀಳುವ ಗೋಜಿಗೆ ಹೋಗಬೇಡಿ, ಅದರ ಅಂಚಿನವರೆಗೆ ಗ್ರಿಪ್ ಅಂಟಿಸಿದರೆ ಸಾಕು. ಸ್ಕ್ರೂ ಇದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡಿರುತ್ತದೆ, ಜೋರು ಮಾಡಿದರೆ ತಲೆ ಮುರಿಯುತ್ತದೆ.

ಹಳೆಯ ಫೋಮನ್ನು ಉದ್ದಕ್ಕೆ ಸೀಳಿ ಎಳೆದರೆ ಹಾಳೆಹಾಳೆಯಾಗಿ ಬರುತ್ತದೆ. ಕಷ್ಟವಿರುವುದು ಉಳಿದ ಅಂಟಿನಲ್ಲಿ. ಹೇರ್ ಡ್ರೈಯರಿನಿಂದ ಸ್ವಲ್ಪಸ್ವಲ್ಪವೇ ಬಿಸಿ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ, ಉಳಿದದ್ದನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಉಜ್ಜಿದೆ. ಕಾರ್ಬನ್ ಬೂಮಿಗೆ ಹೀಟ್ ಗನ್ ಬೇಡ, ಕಾರ್ಬನ್ ನಾರನ್ನು ಹಿಡಿದಿಟ್ಟ ಎಪಾಕ್ಸಿ ರಾಳ ಮೆತ್ತಗಾಗುತ್ತದೆ. ಬ್ಲೇಡು ಬೇಡ, ನಾರು ಕತ್ತರಿಸುತ್ತದೆ. ಬಣ್ಣ ಕೀಳುವ ದ್ರಾವಣವಂತೂ ಬೇಡವೇ ಬೇಡ, ಅದು ಬಣ್ಣದ ಜೊತೆ ಎಪಾಕ್ಸಿಯನ್ನೂ ಕೀಳುತ್ತದೆ.

ಕೊಳವೆ ಬರಿಮೈಯಾಗುವ ಅವಕಾಶ ಮತ್ತೆಮತ್ತೆ ಸಿಗುವುದಿಲ್ಲ, ಚೆನ್ನಾಗಿ ನೋಡಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಇದ್ದರೆ ಉಜ್ಜಿ ತೆಗೆಯಿರಿ. ಅದರಡಿ ಉಗುರಿಗೆ ಸಿಗುವಷ್ಟು ಗುಳಿಯಿದ್ದು, ಅದೂ ಹಾರ್ನೆಸ್ ಲೈನಿನ ಜಾಗದಲ್ಲೋ ಎಕ್ಸ್‌ಟೆನ್ಷನ್ ಒಳಸೇರುವ ತುದಿಯಲ್ಲೋ ಇದ್ದರೆ ಹೊಸ ಗ್ರಿಪ್ಪಿಗೆ ದುಡ್ಡು ಸುರಿಯಬೇಡಿ, ಬೂಮ್ ಮುರಿಯುವುದು ಅಂಥಲ್ಲೇ. ಕಾರ್ಬನ್ ಆದರೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಮಾತ್ರ ಮಂಕಾಗಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟಿರಬಹುದು.

ಎಲ್ಲ ಸರಿಯಿದ್ದರೆ 180 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟದಿರಿ.

ಇನ್ನು ಅಳತೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನನ್ನ ಕೊಳವೆಯ ಹೊರವ್ಯಾಸ 29 ಮಿ.ಮೀ., ಹೊಸ ಗ್ರಿಪ್ಪಿನ ಇವಿಎ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಫೋಮ್ ಹಾಳೆಯ ದಪ್ಪ 2 ಮಿ.ಮೀ. ಕೊಳವೆಯ ಸುತ್ತಳತೆ 91 ಬರುತ್ತದೆ ಎಂದು 91ಕ್ಕೇ ಕತ್ತರಿಸಿದರೆ ಅಂಚುಗಳು ಅಡಿಯಲ್ಲಿ ಕೂಡಿ ಮೇಲ್ಗಡೆ ಬಾಯಿ ಬಿಡುತ್ತವೆ, ಏಕೆಂದರೆ ಫೋಮಿನ ಹೊರಮೈ ಸುತ್ತಳತೆ 104. ಲೆಕ್ಕ ಹಾಕಬೇಕಾದದ್ದು ಫೋಮಿನ ನಡುದಪ್ಪಕ್ಕೆ: 29ಕ್ಕೆ 2 ಸೇರಿಸಿ 3.14ರಿಂದ ಗುಣಿಸಿದರೆ 97. ಉದ್ದಕ್ಕೆ ಎಳೆದು ಅಂಟಿಸುವಾಗ ಅಗಲ ತುಸು ಕುಗ್ಗುವುದರಿಂದ 98 ಇಟ್ಟುಕೊಂಡೆ. ಕೊಳವೆ ಎಲ್ಲ ಕಡೆ ಒಂದೇ ದಪ್ಪ ಇರಬೇಕೆಂದಿಲ್ಲ, ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆಯಿರಿ. ಮೆತ್ತಗಿರಲಿ ಎಂದು ದಪ್ಪ ಫೋಮ್ ಕೊಳ್ಳುವವರಿದ್ದಾರೆ. ದಪ್ಪ 1 ಮಿ.ಮೀ. ಹೆಚ್ಚಾದರೆ ವ್ಯಾಸ 2 ಹೆಚ್ಚುತ್ತದೆ, ಮೊಣಕೈ ಕೆಳಗಿನ ಸ್ನಾಯು ಬೇಗ ಸೋಲುತ್ತದೆ.

ಎರಡನೆಯ ತೊಡಕು ಬೂಮಿನ ಬಾಗು. ಒಂದು ತೋಳು ಒಟ್ಟು 60 ಡಿಗ್ರಿ ತಿರುಗಿದೆ ಎಂದಿಟ್ಟುಕೊಳ್ಳಿ. 29 ಮಿ.ಮೀ. ಕೊಳವೆಯ ಹೊರಮಗ್ಗುಲು ಒಳಮಗ್ಗುಲಿಗಿಂತ ಸುಮಾರು 3 ಸೆಂ.ಮೀ. ಉದ್ದ ಇರುತ್ತದೆ. ಹಾಳೆಯನ್ನು ಇದ್ದಂತೆಯೇ ಅಂಟಿಸಿದರೆ ಆ 3 ಸೆಂ.ಮೀ. ಒಳಮಗ್ಗುಲಲ್ಲಿ ಸುಕ್ಕಾಗಿ ಏಳುತ್ತದೆ. ಅದಕ್ಕೆ ಹಾಳೆಯ ನಡುಗೆರೆಯನ್ನು ಹೊರಮಗ್ಗುಲ ಮೇಲೆ ಎಳೆಯುತ್ತಾ ಕೂರಿಸಬೇಕು, ಅದೂ ಬಾಗಿದ್ದಲ್ಲಿ ಹೆಚ್ಚು, ನೇರ ಇದ್ದಲ್ಲಿ ಕಡಿಮೆ. ಡ್ರೈಯರಿನ ಬಿಸಿ ತಾಗಿಸಿದರೆ ಫೋಮ್ ಮಾತು ಕೇಳುತ್ತದೆ.

ಹೀಗೆ ಮಾಡಿದರೆ ಹಾಳೆಯ ಎರಡು ಅಂಚು ಕೂಡುವ ಜೋಡು ಹಾಯಿಯ ಕಡೆಗಿನ ಒಳಮಗ್ಗುಲಿಗೆ ಬರುತ್ತದೆ. ನಾನು ಅದನ್ನು ಸ್ವಲ್ಪ ಕೆಳಕ್ಕೆ ಸರಿಸಿದೆ. ಬೆರಳ ತುದಿ ಅಲ್ಲಿ ತಾಗಿದರೂ ಅಂಗೈ ಉಜ್ಜುವುದಿಲ್ಲ. ಜೋಡು ಮೇಲ್ಗಡೆ ಬಂದರೆ ಬೊಬ್ಬೆ ಖಂಡಿತ.

ಅಂಟು ಕಾಂಟ್ಯಾಕ್ಟ್ ಅಡ್ಹೆಸಿವ್, ಅಂದರೆ ಎರಡೂ ಕಡೆ ಹಚ್ಚಿ ಒಣಗಿಸಿ ಒತ್ತುವಂಥದ್ದು. ಫೋಮಿನ ತುಂಡೊಂದಕ್ಕೆ ಮೊದಲು ಹಚ್ಚಿ ನೋಡಿ, ಕೆಲವು ಅಂಟಿನ ದ್ರಾವಕಕ್ಕೆ ಇವಿಎ ಉಬ್ಬಿ ಸುರುಟಿಕೊಳ್ಳುತ್ತದೆ. ಕೊಳವೆಗೆ ತೆಳ್ಳಗೆ ಒಂದು ಕೈ, ಫೋಮಿಗೆ ಎರಡು ಕೈ, ಏಕೆಂದರೆ ಮೊದಲ ಪದರವನ್ನು ಅದು ಹೀರಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಬೆರಳಿನ ಹಿಂಬದಿಯಿಂದ ಮುಟ್ಟಿದಾಗ ಅಂಟು ಬೆರಳಿಗೆ ಬರಬಾರದು. ಅವಸರಕ್ಕೆ ಹಸಿಯಲ್ಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿ ಗುಳ್ಳೆಯೇಳುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಪಕ್ಕದಲ್ಲಿ ಬೆಂಕಿ ಬೇಡ. ಒಂದು ಸಲಕ್ಕೆ ಒಂದೇ ತೋಳು.

ಕೊಳವೆಯ ಹೊರಮಗ್ಗುಲಿಗೂ ಫೋಮಿನ ಬೆನ್ನಿಗೂ ಮೊದಲೇ ಪೆನ್ಸಿಲ್ ಗೆರೆ ಎಳೆದಿದ್ದೆ, ತುಸು ಮೇಲಕ್ಕೆ ಸರಿಸಿ, ಜೋಡು ಕೆಳಕ್ಕೆ ಬರಲೆಂದು. ಒಂದರ ಮೇಲೊಂದು ಗೆರೆ ಕೂರಿಸುತ್ತಾ ಕ್ಲಾಂಪಿನಿಂದ ಹಿಂದಕ್ಕೆ ಗೇಣುಗೇಣಾಗಿ ನಡುಗೆರೆಯನ್ನಷ್ಟೇ ಒತ್ತಿದೆ. ಎರಡೂ ರೆಕ್ಕೆಗಳ ಅಡಿ ಬಟರ್ ಪೇಪರ್ ಇಟ್ಟಿದ್ದರಿಂದ ಅವು ಮುಂಚೆಯೇ ಕಚ್ಚಲಿಲ್ಲ. ಆಮೇಲೆ ಕಾಗದ ಸರಿಸುತ್ತಾ ಮೊದಲು ಮೇಲಿನ ರೆಕ್ಕೆ, ಕೊನೆಗೆ ಕೆಳಗಿನದು. ಒಮ್ಮೆ ಕಚ್ಚಿದ ಮೇಲೆ ಸರಿಸಲಾಗದು. ಬಿಸಿ ಮಾಡಿ ನಿಧಾನ ಎತ್ತಬಹುದು, ಹೆಚ್ಚಿನ ಸಲ ಫೋಮೇ ಹರಿಯುತ್ತದೆ. ಅಂಚುಗಳು ಒಂದನ್ನೊಂದು ತಳ್ಳಿ ಸಣ್ಣ ಏರು ಎದ್ದರೆ ಒಳ್ಳೆಯದೇ, ಹೆಬ್ಬೆರಳಿನಿಂದ ಒತ್ತಿ ಮಟ್ಟ ಮಾಡಿದರಾಯಿತು. ಸಂದು ಬಿಟ್ಟರೆ ಮಾತ್ರ ಆಪತ್ತು, ನೀರು ಅಲ್ಲಿಂದಲೇ ಶುರು. ಜೋಡಿಗೆ ಸೂಪರ್ ಗ್ಲೂ ಹಾಕಬೇಡಿ, ಗಟ್ಟಿಯಾಗಿ ಗರಗಸದಂತೆ ಚರ್ಮ ಕೆರೆಯುತ್ತದೆ.

ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ತೋಳಿನ ಸುತ್ತ ಬಿಗಿಯಾಗಿ ಸುತ್ತಿ 24 ಗಂಟೆ ಬಿಟ್ಟೆ. ಬಿಚ್ಚಿದ ಮೇಲೆ ಎರಡೂ ತುದಿಗೆ ಎಲೆಕ್ಟ್ರಿಕಲ್ ಟೇಪು, ಅರ್ಧ ಗ್ರಿಪ್ಪಿನ ಮೇಲೆ, ಅರ್ಧ ಕೊಳವೆಯ ಮೇಲೆ. ಹಾರ್ನೆಸ್ ಲೈನುಗಳ ಅಡಿಗೆ ತೆಳುವಾದ ನಿಯೋಪ್ರೀನ್ ತುಂಡು ಸುತ್ತಿದರೆ ಪಟ್ಟಿ ಹೊಸ ಫೋಮನ್ನು ನೇರವಾಗಿ ಕಚ್ಚುವುದಿಲ್ಲ. ಸನ್‌ಸ್ಕ್ರೀನ್ ಹಚ್ಚಿದ ಕೈ ತೊಳೆಯದೆ ಬೂಮ್ ಹಿಡಿದರೆ ಮೊದಲ ದಿನವೇ ಜಾರುತ್ತದೆ, ಅದಕ್ಕೆ ಗ್ರಿಪ್ಪನ್ನು ದೂರಬೇಡಿ.

ನೀರಿಗಿಳಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಜೋಡಿನ ಉದ್ದಕ್ಕೂ ಹೆಬ್ಬೆರಳು ಒತ್ತುತ್ತಾ ಹೋಗಿ. ಎಲ್ಲಾದರೂ ನೀರು ಜಿನುಗಿದರೆ ಅಷ್ಟು ಜಾಗ ಬಿಡಿಸಿ, ಪೂರ್ತಿ ಒಣಗಿಸಿ, ಕಡ್ಡಿಯಲ್ಲಿ ಅಂಟು ತೂರಿಸಿ ಮತ್ತೆ ಟ್ಯೂಬ್ ಸುತ್ತಿ.