ಮನೆಯಲ್ಲೇ ಜೋಡಿಸಿದ ವಿಮಾನ: ಹಿಂದಿನ ಸೀಟಿನವರನ್ನು ಬೆಚ್ಚಗಿಡುವುದು ಹೇಗೆ?

ಜನವರಿ ಬೆಳಿಗ್ಗೆ ಜೀಪಿನ ಹಿಂದೆ ಕೂತು ಮುಳ್ಳಯ್ಯನಗಿರಿ ಹತ್ತಿದವರಿಗೆ ಇದು ಗೊತ್ತು. ಮುಂದೆ ಕೂತವರಿಗೆ ಇಂಜಿನ್ ಬಿಸಿ ಸಿಗುತ್ತದೆ. ಹಿಂದಿನವರು ಹಲ್ಲು ಕಟಕಟ ಅನ್ನಿಸುತ್ತಾ ಕೂತಿರುತ್ತಾರೆ. ಸಣ್ಣ ವಿಮಾನದಲ್ಲೂ ಇದೇ ಕಥೆ.

ನಮ್ಮ ಭಾವ ಚಿಕ್ಕಮಗಳೂರಿನ ಹತ್ತಿರ ತಮ್ಮ ಕಾಫಿ ಗೋಡೌನಿನ ಒಂದು ಮೂಲೆಯಲ್ಲಿ ಎರಡು ಸೀಟಿನ ವಿಮಾನ ಜೋಡಿಸಿದರು. ಒಬ್ಬರ ಹಿಂದೆ ಒಬ್ಬರು ಕೂರುವ ಕಿಟ್ ಅದು. ಅನುಮತಿ, ಪರೀಕ್ಷಾ ಹಾರಾಟ ಎಲ್ಲ ಮುಗಿದ ಮೇಲೆ ಮೊದಲ ಸಲ ಅಕ್ಕನನ್ನು ಕೂರಿಸಿಕೊಂಡು ಹೋದರು. ಇಳಿದ ತಕ್ಷಣ ಅಕ್ಕ ನನಗೆ ಹೇಳಿದ್ದು ಇಷ್ಟು: "ಮೇಲಿಂದ ನೋಡೋಕೆ ತುಂಬಾ ಚೆನ್ನಾಗಿತ್ತು ಕಣೋ. ಆದರೆ ಪಾದ ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ." ನಾನು ಜೀಪು, ಪಂಪ್‌ಸೆಟ್ ರಿಪೇರಿ ಮಾಡುವವನು. ಆ ಮಳೆಗಾಲ ಪೂರ್ತಿ ನಾನೂ ಭಾವನೂ ಇದೇ ಕೆಲಸ ಹಿಡಿದು ಕೂತೆವು. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಚಳಿಯ ಲೆಕ್ಕ. 1000 ಅಡಿ ಮೇಲೇರಿದರೆ ಅಂದಾಜು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಇರುವುದೇ ಸುಮಾರು 3400 ಅಡಿ ಎತ್ತರದಲ್ಲಿ. ಮುಳ್ಳಯ್ಯನಗಿರಿ 6300 ಅಡಿಗೂ ಜಾಸ್ತಿ. ಅದರ ಮೇಲೆ ಸಾಕಷ್ಟು ಅಂತರ ಇಟ್ಟು 8000 ಅಡಿಯಲ್ಲಿ ಹಾರಿದರೆ, ಪೇಟೆಗಿಂತ 9 ಡಿಗ್ರಿಯಷ್ಟು ಕಡಿಮೆ. ಕೆಳಗೆ 14 ಇದ್ದರೆ ಮೇಲೆ 5. ಅದರ ಜೊತೆಗೆ ಸಂದುಗಳಿಂದ ನುಗ್ಗುವ ಗಾಳಿ ಬೇರೆ.

ಹೀಟರ್ ಆಮೇಲೆ, ಸಂದು ಮೊದಲು

ಎಲ್ಲರೂ ಮೊದಲು ಹೀಟರ್ ಬಗ್ಗೆಯೇ ಯೋಚಿಸುತ್ತಾರೆ. ನಾವೂ ಹಾಗೇ ಮಾಡಿದೆವು, ಅದು ತಪ್ಪು. ತೂತಿರುವ ಹಂಡೆಗೆ ಎಷ್ಟು ಬಿಸಿನೀರು ಸುರಿದರೇನು?

ಸಂದು ಹುಡುಕುವುದು ಸುಲಭ. ರಾತ್ರಿ ಶೆಡ್ಡಿನ ದೀಪವೆಲ್ಲ ಆರಿಸಿ. ವಿಮಾನದ ಒಳಗೆ ಒಂದು ಜೋರು ಬಲ್ಬ್ ಹಚ್ಚಿಡಿ. ಹೊರಗೆ ಸುತ್ತು ಹಾಕಿ, ಬೆಳಕು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಬಾಗಿಲಿನ ಅಂಚು, ರೆಕ್ಕೆ ಸೇರುವ ಜಾಗ, ಕಂಟ್ರೋಲ್ ರಾಡ್ ಮತ್ತು ಕೇಬಲ್ ಹೋಗುವ ತೂತುಗಳು ಹೀಗೆ ಸಿಕ್ಕಿಬೀಳುತ್ತವೆ. ಬಾಗಿಲಿಗೆ ರಬ್ಬರ್ ಬೀಡಿಂಗ್ ಸಾಕು. ರಾಡಿನ ತೂತಿಗೆ ಮೆತ್ತನೆಯ ಚರ್ಮದ ಚೀಲದಂಥದ್ದು ಕಟ್ಟಬೇಕು. ಸ್ಟಿಕ್ಕನ್ನು, ಅಂದರೆ ಪೈಲಟ್ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಕೋಲನ್ನು, ಎಲ್ಲ ಕಡೆಗೂ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲೂ ಒಂದು ಚೂರೂ ಹಿಡಿಯಬಾರದು.

ನನಗೆ ಆಶ್ಚರ್ಯ ತಂದದ್ದು ಬಾಲ. ಗಾಳಿ ಮುಂದಿನಿಂದ ಬರುತ್ತದೆ ಅಂದುಕೊಂಡಿದ್ದೆ. ಹಾರುವಾಗ ಎಷ್ಟೋ ಸಣ್ಣ ವಿಮಾನಗಳಲ್ಲಿ ಕೂರುವ ಜಾಗದ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ಬಾಲದ ಸಂದುಗಳಿಂದ ಒಳಬಂದ ತಣ್ಣನೆ ಗಾಳಿ ವಿಮಾನದ ಕೊಳವೆಯಂಥ ಒಡಲೊಳಗೆ ಮುಂದಕ್ಕೆ ಹರಿದು, ಹಿಂದಿನ ಸೀಟಿನವರ ಬೆನ್ನು ಸೊಂಟಕ್ಕೆ ಬಡಿಯುತ್ತದೆ. ಸೀಟಿನ ಹಿಂದೆ ಒಂದು ಅಡ್ಡಪರದೆ ಬಿಗಿಯಾಗಿ ಕಟ್ಟಿದ ಮೇಲೆ ಅಕ್ಕನ ಅರ್ಧ ದೂರು ನಿಂತಿತು.

ಪರದೆಗೆ ನಾವು ಬಳಸಿದ್ದು ಕುರಿ ಉಣ್ಣೆಯ ಕರಿ ಕಂಬಳಿ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಅಗ್ಗದ ಸ್ಪಾಂಜು ಹಾಗಲ್ಲ, ಬೇಗ ಹತ್ತಿ ವಿಷದ ಹೊಗೆ ಬಿಡುತ್ತದೆ. ಯಾವ ಬಟ್ಟೆ ಹಾಕುವುದಾದರೂ ಒಂದು ತುಂಡನ್ನು ಅಂಗಳದಲ್ಲಿ ಬೆಂಕಿಕಡ್ಡಿಗೆ ಹಿಡಿದು ನೋಡಿ. ಕಾಲಡಿಗೂ ಅದೇ ಕಂಬಳಿ ಹಾಸಿ, ಜಾರದಂತೆ ಅಂಚು ಭದ್ರ ಮಾಡಿ. ಪೆಡಲ್ ಹತ್ತಿರ ಮಾತ್ರ ಬೇಡ.

ಸೈಲೆನ್ಸರ್ ಬಿಸಿಯನ್ನು ಒಳಗೆ ತರುವುದು

ಹೆಚ್ಚಿನವರ ದಾರಿ ಇದು: ಸೈಲೆನ್ಸರ್ ಸುತ್ತ ತಗಡಿನ ಅಂಗಿ ತೊಡಿಸಿ, ನಡುವಿನ ಸಂದಿನಲ್ಲಿ ಹೊರಗಿನ ಶುದ್ಧ ಗಾಳಿ ಹಾಯಿಸಿ, ಕಾದ ಗಾಳಿಯನ್ನು ಒಳಗೆ ತರುವುದು.

ಅಂಗಿ ಹಾಕುವ ಮೊದಲು ಸೈಲೆನ್ಸರ್ ಪರೀಕ್ಷೆ ಆಗಲೇಬೇಕು. ಇಂಜಿನ್ ತಣ್ಣಗಿರಲಿ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿಯನ್ನು ಹೊಗೆ ಕೊಳವೆಗೆ ಸೇರಿಸಿ ಮೆಲ್ಲಗೆ ಊದಿಸಿ. ಪ್ರತಿ ಬೆಸುಗೆ, ಪ್ರತಿ ಜೋಡಣೆಗೆ ಸೋಪಿನ ನೀರು ಹಚ್ಚಿ. ಪಂಕ್ಚರ್ ಅಂಗಡಿಯಲ್ಲಿ ನೋಡಿದ್ದೀರಿ ಅಲ್ವಾ, ಹಾಗೇ ಗುಳ್ಳೆ ಬರುತ್ತದೆ. ಬೆಸುಗೆಯಲ್ಲಿ ಗುಳ್ಳೆ ಬಂದರೆ ಆ ಸೈಲೆನ್ಸರ್ ಮೇಲೆ ಹೀಟರ್ ಕಟ್ಟಬೇಡಿ.

ಅಂಗಿಗೆ ಸ್ಟೇನ್‌ಲೆಸ್ ಸ್ಟೀಲ್ ತಗಡು ಒಳ್ಳೆಯದು. ಅದನ್ನು ಎರಡು ಹೋಳು ಮಾಡಿ, ಕ್ಲಾಂಪ್ ಹಾಕಿ ಬಿಗಿಯಿರಿ. ಬೆಸುಗೆ ಹಾಕಿ ಮುಚ್ಚಿಬಿಟ್ಟರೆ ಮತ್ತೆ ಬಿಚ್ಚಿ ನೋಡಲಾಗುವುದಿಲ್ಲ. ಗಾಳಿ ಸರ್ರನೆ ಹಾದುಹೋದರೆ ಬಿಸಿ ಹಿಡಿಯುವುದಿಲ್ಲ. ಅದಕ್ಕೆ ಸೈಲೆನ್ಸರ್ ಮೇಲೆ ಸ್ಟೀಲ್ ಸ್ಪ್ರಿಂಗ್ ಸುತ್ತುತ್ತಾರೆ. ಕೆಲವರು ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕುತ್ತಾರೆ. ಅದರ ಚೂರು ಗಾಳಿಯ ಜೊತೆ ಬರಬಹುದು ಎಂದು ನಾವು ಸ್ಪ್ರಿಂಗ್ ಆರಿಸಿಕೊಂಡೆವು.

ಇಂಜಿನ್ ಮತ್ತು ಕೂರುವ ಜಾಗದ ನಡುವಿನ ಬೆಂಕಿ ಗೋಡೆಯಲ್ಲಿ ಒಂದು ಕವಾಟದ ಡಬ್ಬಿ ಬೇಕು. ಇದು ಉಕ್ಕಿನದ್ದೇ ಆಗಿರಲಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇಂಜಿನ್ನಿಗೆ ಬೆಂಕಿ ಬಿದ್ದರೆ ಅಲ್ಲೊಂದು ಬಾಗಿಲು ತೆರೆದಂತೆ. ಹೀಟರ್ ಬೇಡವಾದಾಗ ಕವಾಟ ಬಿಸಿಗಾಳಿಯನ್ನು ಹೊರಗೆ ಚೆಲ್ಲಬೇಕು. ಸುಮ್ನೆ ತಡೆದು ನಿಲ್ಲಿಸಿದರೆ ಸೈಲೆನ್ಸರ್ ಅತಿಯಾಗಿ ಕಾಯುತ್ತದೆ.

ಅಲ್ಲಿಂದ 2 ಇಂಚಿನ ಹೋಸನ್ನು ಹಿಂದಿನ ಸೀಟಿನ ಪಾದದವರೆಗೂ ಎಳೆಯಿರಿ. ಬಹಳ ಜನ ಪೈಲಟ್ ಕಾಲಿನ ಹತ್ತಿರವೇ ನಿಲ್ಲಿಸಿಬಿಡುತ್ತಾರೆ. ಹೋಸಿಗೆ ಕಂಬಳಿಯ ಪಟ್ಟಿ ಸುತ್ತಿದರೆ ದಾರಿಯಲ್ಲಿ ಬಿಸಿ ಕಡಿಮೆ ಸೋರುತ್ತದೆ. ಒಳಬಂದ ಗಾಳಿ ಹೊರಹೋಗಲು ಒಂದು ಸಣ್ಣ ಕಿಂಡಿಯೂ ಬೇಕು, ಇಲ್ಲದಿದ್ದರೆ ಬಿಸಿಗಾಳಿ ಒಳಗೆ ಬರುವುದೇ ಇಲ್ಲ. ಆ ಕಿಂಡಿ ಸೈಲೆನ್ಸರ್ ಹೊಗೆ ಹರಿಯುವ ಕಡೆ ಇರಕೂಡದು.

ರೊಟಾಕ್ಸ್ 912ರಂಥ ಇಂಜಿನ್ನುಗಳಲ್ಲಿ ಸಿಲಿಂಡರ್ ಹೆಡ್ ನೀರಿನಿಂದ ತಣಿಯುತ್ತದೆ. ಅಲ್ಲಿ ಕಾರಿನ ಹಾಗೆ ಕೂಲಂಟ್ ಹೀಟರ್ ಕೂಡ ಆಗುತ್ತದೆ, ಹೊಗೆಯ ಭಯ ಕಡಿಮೆ. ಆದರೆ ಹೋಸ್ ಬಿಚ್ಚಿಕೊಂಡರೆ ಕುದಿಯುವ ನೀರು ಕಾಲ ಮೇಲೆ ಬೀಳುತ್ತದೆ. ಬಿಸಿನೀರು ಹರಿದು ಗಾಳಿ ಕಾಯಿಸುವ ಹೀಟರ್ ಕೋರ್ ಬೆಂಕಿ ಗೋಡೆಯ ಆಚೆ, ಇಂಜಿನ್ ಕಡೆಗೇ ಇರಲಿ.

ವಾಸನೆ ಇಲ್ಲದ ವಿಷ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಸೈಲೆನ್ಸರ್ ಕೂದಲೆಳೆಯಷ್ಟು ಬಿರಿದರೂ ಕಾರ್ಬನ್ ಮೊನಾಕ್ಸೈಡ್ ಬಿಸಿಗಾಳಿಯ ಜೊತೆ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. 2019ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಸಣ್ಣ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಅವರ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ 58 ಶೇಕಡಾ ಭಾಗಕ್ಕೆ ಈ ವಿಷ ಅಂಟಿತ್ತು ಎಂದು ತನಿಖೆ ಹೇಳಿತು. ಅದು ಕಾರ್ಖಾನೆಯಲ್ಲಿ ತಯಾರಾದ ವಿಮಾನ. ನಮ್ಮ ಶೆಡ್ಡಿನ ವಿಮಾನಕ್ಕೆ ಇನ್ನೂ ಎಷ್ಟು ಎಚ್ಚರ ಬೇಕು!

ಹಾಗಾಗಿ ಅಂಕಿ ತೋರಿಸುವ, ಸದ್ದು ಮಾಡುವ ಎಲೆಕ್ಟ್ರಾನಿಕ್ ಅಲಾರಂ ಹಾಕಿ. ಬಣ್ಣ ಬದಲಾಗುವ ಅಗ್ಗದ ಕಾರ್ಡ್ ನಂಬಬೇಡಿ, ಅದನ್ನು ನೋಡುವಷ್ಟು ಎಚ್ಚರ ನಿಮಗಿರಬೇಕಲ್ಲ. ಅಮೆರಿಕದ ವಿಮಾನ ನಿಯಮ ಒಪ್ಪುವ ಮಿತಿ 20,000ಕ್ಕೆ 1 ಭಾಗ, ಅಂದರೆ 50 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 50 ಭಾಗ). ಅಲಾರಂ ಕೂಗಿದರೆ ಹೀಟರ್ ಮುಚ್ಚಿ, ಹೊರಗಾಳಿಯ ಕಿಂಡಿಗಳನ್ನು ತೆರೆದು, ಹತ್ತಿರದಲ್ಲೇ ಇಳಿಯಿರಿ. ಚಳಿಯಾದರೆ ಆಗಲಿ. ಗ್ಯಾಸ್ ಹೀಟರ್, ಕೆಂಡದ ಅಗ್ಗಿಷ್ಟಿಕೆ ಇವನ್ನಂತೂ ವಿಮಾನದೊಳಗೆ ತರಲೇಬೇಡಿ.

ಕರೆಂಟ್ ಮತ್ತು ಬಟ್ಟೆ

ಬೈಕಿನವರು ಹಾಕುವ 12 ವೋಲ್ಟಿನ ಬಿಸಿ ಜಾಕೆಟ್ ಸುಲಭದ ದಾರಿ. ಒಂದಕ್ಕೆ 50 ವಾಟ್ ಅಂತ ಹಿಡಿದರೆ ಇಬ್ಬರಿಗೆ 100. ರೊಟಾಕ್ಸ್ 912ರ ಜನರೇಟರ್ ಜಾಸ್ತಿ ಅಂದರೆ ಸುಮಾರು 250 ವಾಟ್ ಕೊಡುತ್ತದೆ. ರೇಡಿಯೊ, ಪಂಪು, ದೀಪದ ಪಾಲು ಕಳೆದು ಲೆಕ್ಕ ಹಾಕಿ, ಬೇರೆ ಫ್ಯೂಸ್ ಕೊಡಿ.

ಬಟ್ಟೆಗೆ ಉಣ್ಣೆ ಟೋಪಿ, ಒಣಗಿದ ಉಣ್ಣೆ ಕಾಲುಚೀಲ, ಸ್ವಲ್ಪ ಸಡಿಲ ಶೂ. ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ನಡೆದು ಬಂದವರ ಕಾಲುಚೀಲ ಒದ್ದೆಯಾಗಿರುತ್ತದೆ, ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಮಾಡಿದ ಪ್ರತಿ ಬದಲಾವಣೆಯನ್ನೂ ನಿಮ್ಮ ವಿಮಾನ ನೋಡುವ ಇಂಜಿನಿಯರಿಗೆ ತೋರಿಸಿ. ಮೊದಲ ಹಾರಾಟಕ್ಕೆ ಯಾರನ್ನೂ ಕೂರಿಸಬೇಡಿ. ಹಿಂದಿನ ಸೀಟಿನ ಮೇಲೆ ಅಲಾರಮ್ಮು, ಒಂದು ಥರ್ಮಾಮೀಟರ್ ಕಟ್ಟಿ ಪೈಲಟ್ ಒಬ್ಬರೇ ಹೋಗಿಬರಲಿ. ನಾವು ಮೂರು ಬೆಳಿಗ್ಗೆ ಹಾಗೆ ಮಾಡಿದೆವು. ನಾಲ್ಕನೇ ಬೆಳಿಗ್ಗೆ ಅಕ್ಕ ಹೋದರು. ಹತ್ತು ನಿಮಿಷಕ್ಕೊಮ್ಮೆ ಭಾವ ಇಂಟರ್‌ಕಾಮಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಿದ್ದರು: ಕಾಲು ಹೇಗಿದೆ, ತಲೆನೋವು ಇದೆಯಾ?