ಅಂಗಿ ಎತ್ತಿ, ಉಸಿರು ಎಣಿಸಿ

ಮಳೆ ಹಿಡಿದರೆ ಸಾಕು, "ಅಕ್ಕ, ಮಗೂಗೆ ಎದೇಲಿ ಕಫ ಕಟ್ಟಿದೆ, ಗೊರಗೊರ ಅಂತಿದೆ" ಅಂತ ಕರೆ ಬರುತ್ತೆ. ಆಶಾ ಕಾರ್ಯಕರ್ತೆಯಾಗಿ ನಾನು ಆ ಸದ್ದಿಗೆ ಅಷ್ಟು ಹೆದರೋದಿಲ್ಲ. ಬಹಳ ಸಲ ಅದು ಮೂಗಿನದ್ದೇ. ನಾನು ನೋಡೋದು ಉಸಿರಾಟದ ವೇಗ.

ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ಮಗು ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಎತ್ತಿ, ಮೊಬೈಲಲ್ಲಿ ಟೈಮರ್ ಇಟ್ಟು, ಹೊಟ್ಟೆ ಏಳೋದನ್ನ ಪೂರ್ತಿ 1 ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಎಳೆಗೂಸುಗಳ ಉಸಿರು ಒಂದೇ ಸಮ ಇರೋದಿಲ್ಲ. 2 ತಿಂಗಳೊಳಗಿನ ಮಗುವಿಗೆ 60, 2 ತಿಂಗಳಿಂದ 1 ವರ್ಷದವರೆಗೆ 50, 1ರಿಂದ 5 ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕೆಮ್ಮೂ ಇದ್ದರೆ, ನ್ಯುಮೋನಿಯಾ ಇರಬಹುದು. ಅವತ್ತೇ ಪಿಎಚ್‌ಸಿಗೆ ಹೋಗಿ. 2 ತಿಂಗಳೊಳಗಿನದಾದರೆ ನೇರ ದೊಡ್ಡಾಸ್ಪತ್ರೆಗೆ.

ಎಣಿಸುತ್ತಲೇ ಪಕ್ಕೆ ನೋಡಿ. ಉಸಿರು ಎಳೆದಾಗ ಎದೆಯ ಕೆಳಭಾಗ ಉಬ್ಬುವ ಬದಲು ಒಳಕ್ಕೆ ಹೋಗುತ್ತಿದ್ದರೆ ಅದು ಪಕ್ಕೆ ಸೆಳೆತ, ತಡ ಮಾಡಬೇಡಿ. ಮಗು ಹಾಲೇ ಕುಡೀತಿಲ್ಲ, ಕುಡಿದದ್ದೆಲ್ಲ ವಾಂತಿ, ಫಿಟ್ಸ್ ಬಂತು, ಎಬ್ಬಿಸಿದರೂ ಏಳ್ತಿಲ್ಲ, ತುಟಿ ನೀಲಿ: ಇದರಲ್ಲಿ ಯಾವ ಒಂದಿದ್ದರೂ 108ಕ್ಕೆ ಫೋನ್ ಮಾಡಿ.

ಅತ್ತೆಯಂದಿರ ಜೊತೆ ನನ್ನ ಜಗಳ ಎರಡಕ್ಕೆ. ಹೊಟ್ಟೆ ಮೇಲೆ ಬರೆ ಹಾಕಿಸೋದು, ಮೂಗಿಗೆ ಎಣ್ಣೆ ಬಿಡೋದು. ಬರೆಯಿಂದ ಗಾಯ ಬಿಟ್ಟರೆ ಏನೂ ಸಿಗಲ್ಲ. ಎಣ್ಣೆಯಂತೂ ಶ್ವಾಸಕೋಶಕ್ಕಿಳಿದು ತಾನೇ ನ್ಯುಮೋನಿಯಾ ತರಬಹುದು. ಅಂಗಡಿಯಿಂದ ಕೆಮ್ಮಿನ ಸಿರಪ್ ತರೋದೂ ಬೇಡ. 2 ವರ್ಷದೊಳಗಿನವರಿಗೆ ಕೊಡಲೇಬಾರದು ಅಂತ ಕೇಂದ್ರ ಆರೋಗ್ಯ ಇಲಾಖೆ 2025ರಲ್ಲೇ ಹೇಳಿದೆ. ಜೇನು 1 ವರ್ಷ ತುಂಬಿದ ಮೇಲೆ.

ಉಸಿರು ಸರಿ ಇದ್ದು ಬರೀ ನೆಗಡಿ-ಕೆಮ್ಮಾದರೆ ಎದೆಹಾಲು ಸ್ವಲ್ಪಸ್ವಲ್ಪವೇ, ಮತ್ತೆಮತ್ತೆ ಕೊಡಿ. ಮೂಗಿಗೆ ಸಲೈನ್ ಹನಿ. ಒಲೆ ಹೊಗೆ, ಬೀಡಿ ಹೊಗೆ ಮಗುವಿನ ಹತ್ತಿರ ಸುಳಿಯಬಾರದು. ದಿನಾ ಎರಡು ಹೊತ್ತು ಉಸಿರು ಎಣಿಸಿ.

ಡಾಕ್ಟರು ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರೆ, ನೀರಲ್ಲಿ ಕರಗೋ ಮಾತ್ರೆಯನ್ನ ಚಮಚದಲ್ಲಿಟ್ಟು, ಮೊದಲೇ ಕುದಿಸಿ ಆರಿಸಿದ ನೀರು ಹಾಕಿ ಕರಗಿಸಿ ಕುಡಿಸಿ. ಜ್ವರ ಇಳೀತು ಅಂತ ನಡುವೆ ನಿಲ್ಲಿಸಿ, ಉಳಿದದ್ದನ್ನ ಅಣ್ಣನಿಗೆ ಎತ್ತಿಡಬೇಡಿ. ಎರಡು ದಿನಕ್ಕೆ ಮತ್ತೆ ತೋರಿಸಿ, ವೇಗ ಇಳಿದಿರದಿದ್ದರೆ ಔಷಧಿ ಬದಲಿಸಬೇಕಾಗಬಹುದು.

ತಾಯಿ ಕಾರ್ಡಲ್ಲಿ ನ್ಯುಮೋನಿಯಾ ತಡೆಯೋ ಪಿಸಿವಿ ಲಸಿಕೆಯ ಮೂರು ಕಡೆ ಗುರುತು ಬಿದ್ದಿದೆಯಾ ನೋಡಿ: 6 ವಾರ, 14 ವಾರ, 9 ತಿಂಗಳು. ಬಿಟ್ಟುಹೋಗಿದ್ದರೆ ಗುರುವಾರ ಕಾರ್ಡ್ ಹಿಡ್ಕೊಂಡು ಅಂಗನವಾಡಿಗೆ ಬನ್ನಿ.