ಸಸ್ಪೆನ್ಷನ್ ಕಿಟ್ ಮನೆಯಲ್ಲೇ ಕೂರಿಸಿದೆ, ಕಾರು ಈಗ ಸರಿಯಾಗಿ ನಿಂತಿದೆ

ಕಾರನ್ನು 25 ಮಿಲಿಮೀಟರ್ ತಗ್ಗಿಸಿ, ಸ್ಪ್ರಿಂಗ್ ಗಟ್ಟಿ ಮಾಡಿ, ಆಮೇಲೂ ಹಳೆಯ ಸೆಟ್‌ಗಿಂತ ಹಗುರವಾಗಿ ಹಳ್ಳ ದಾಟಿಸಬಹುದು ಅಂದಾಗ ಗೊತ್ತಿದ್ದವರು ಯಾರೂ ಒಪ್ಪಲಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೊಂಟ ಹೋಗುತ್ತದೆ ಅನ್ನುವುದು ಒಂದು ಮಾತು. ಎರಡು ಜಾಕ್ ಸ್ಟ್ಯಾಂಡ್ ಇಟ್ಟುಕೊಂಡು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅನ್ನುವುದು ಇನ್ನೊಂದು. ಈಗ ಆರೇಳು ಸಾವಿರ ಕಿಲೋಮೀಟರ್ ಓಡಿದೆ. ಶಬ್ದವಿಲ್ಲ, ಟೈರು ಸಮನಾಗಿ ಸವೆಯುತ್ತಿದೆ, ತಿರುವಿನಲ್ಲಿ ಬಾಡಿ ವಾಲುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಬೇಡ ಎಂದವರಲ್ಲೇ ಇಬ್ಬರು ಓಡಿಸಿ ನೋಡಿ, ಯಾವ ಕಿಟ್ ಅಂತ ಕೇಳಿ ಬರೆದುಕೊಂಡು ಹೋದರು.

ಕಿಟ್ ಯಾವುದು ಅನ್ನುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಸವಾರಿ ಕೆಡುವುದು ಸ್ಪ್ರಿಂಗ್ ಗಟ್ಟಿಯಾದ್ದರಿಂದಲ್ಲ, ಕಾರು ತಗ್ಗಿದ ಮೇಲೆ ಬಂಪ್ ಸ್ಟಾಪಿನ (ಸಸ್ಪೆನ್ಷನ್ ಪೂರ್ತಿ ಒತ್ತಿಹೋಗದಂತೆ ತಡೆಯುವ ಮೆತ್ತನೆಯ ತುಂಡು) ಮುಂದೆ ಜಾಗ ಉಳಿಯದೆ ಹೋದಾಗ. ಇಡೀ ಕೆಲಸದಲ್ಲಿ ನನಗೆ ದಕ್ಕಿದ್ದು ಇದೊಂದು ಮಾತು, ಅದು ದಕ್ಕಲು ಎರಡು ಸುತ್ತು ಕಾರು ಕಳಚಬೇಕಾಯಿತು.

ಮೊದಲ ಸುತ್ತಿನಲ್ಲಿ ಸ್ಪ್ರಿಂಗ್ ಮಾತ್ರ ಬದಲಿಸಿದೆ. ಕಾರಣ ದುಡ್ಡು. ಪೂರ್ತಿ ಕಿಟ್ ಬೆಲೆಯಲ್ಲಿ ಮೂರನೇ ಎರಡು ಪಾಲು ಶಾಕ್‌ಗಳದ್ದೇ, ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್‌ಗಳದ್ದೇ. ಸ್ಪ್ರಿಂಗ್ ಒಂದೇ ತಂದರೆ ಉಳಿದದ್ದು ಆಮೇಲೆ ನೋಡೋಣ ಅನ್ನುವ ಲೆಕ್ಕ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರ ಜೋಡಿಸುವ, ತಿರುಚಿಕೊಳ್ಳುವ ತೊಲೆ) ಇರುವ ಸುಮಾರು ಒಂದು ಟನ್ನಿನ ಹ್ಯಾಚ್‌ಬ್ಯಾಕ್ ಇದು. ವರ್ನಿಯರ್‌ನಲ್ಲಿ ಅಳೆದರೆ ಹಳೆಯ ಮುಂದಿನ ಸ್ಪ್ರಿಂಗಿನ ತಂತಿ 12 ಮಿಲಿಮೀಟರ್, ಹೊಸದು ಹನ್ನೆರಡೂವರೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಬಿಗಿತ ಏರುವುದು ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ. ಸುರುಳಿಯ ಸರಾಸರಿ ವ್ಯಾಸ 130, ಕೆಲಸ ಮಾಡುವ ಸುತ್ತು ನಾಲ್ಕೂವರೆ ಅಂತ ಹಾಕಿದರೆ ಹಳೆಯದು ಮಿಲಿಮೀಟರಿಗೆ 20–21 ನ್ಯೂಟನ್, ಹೊಸದು 24ರ ಮೇಲೆ. ಹತ್ತಿರ ಹತ್ತಿರ ಶೇಕಡಾ 18 ಹೆಚ್ಚು. ಅಳೆಯುವಾಗ ಮೇಲಿನ ಬಣ್ಣದ ಪದರವನ್ನು ಕಳೆಯಲೇಬೇಕು. 0.2 ಮಿಲಿಮೀಟರ್ ಬಣ್ಣ ಸೇರಿಕೊಂಡರೆ ಲೆಕ್ಕ ಶೇಕಡಾ ಆರೇಳರಷ್ಟು ಸುಳ್ಳಾಗುತ್ತದೆ. ಹಳೆಯ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ತಗ್ಗಿಸುವವರೂ ಇದ್ದಾರೆ. ಹಾಗೆ ಮಾಡಿದರೆ ತುದಿ ಸ್ಪ್ರಿಂಗ್ ಸೀಟಿನಲ್ಲಿ ಕೂರುವುದಿಲ್ಲ, ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಕದಲುತ್ತದೆ. ಆ ದಾರಿಯನ್ನು ನಾನು ಯೋಚಿಸಲೂ ಇಲ್ಲ.

ಹಳೆಯ ಶಾಕ್ ಮೇಲೆ ಹೊಸ ಸ್ಪ್ರಿಂಗ್ ಕೂತಾಗ ಕಾರು ನೋಡಲು ಚಂದ, ಓಡಿಸಲು ಅಧ್ವಾನ. ಉಬ್ಬು ದಾಟಿದ ಮೇಲೆ ಎರಡು ಮೂರು ಸಲ ತೂಗುತ್ತಿತ್ತು, ಚಿಕ್ಕ ಹಳ್ಳಕ್ಕೂ ಧಡ್ ಅಂತ ಬಡಿಯುತ್ತಿತ್ತು. ತೂಗುವುದಕ್ಕೆ ಕಾರಣ ನೇರ. ಸ್ಪ್ರಿಂಗ್ ಶೇಕಡಾ 18 ಗಟ್ಟಿಯಾದರೆ ಅದೇ ಹಿಡಿತಕ್ಕೆ ಶಾಕ್ ಕೂಡ ಶೇಕಡಾ ಎಂಟೊಂಬತ್ತು ಬಲವಾಗಬೇಕು. ನನ್ನವು ಲಕ್ಷ ಕಿಲೋಮೀಟರ್ ಹತ್ತಿರ ತಿಂದ ಶಾಕ್‌ಗಳು, ಬಲ ಏರುವ ಬದಲು ಇಳಿದಿತ್ತು. ಬಡಿತವನ್ನು ಮಾತ್ರ ಎಲ್ಲರೂ ಗಟ್ಟಿ ಸ್ಪ್ರಿಂಗಿನ ತಲೆಗೆ ಕಟ್ಟಿದರು. ನನಗೆ ಒಪ್ಪಿಗೆಯಾಗಲಿಲ್ಲ, ಯಾಕಂದರೆ ಅಷ್ಟು ಜೋರು ಬಡಿತಕ್ಕೆ ಶೇಕಡಾ 18 ಸಾಲದು.

ಶಾಕಿನ ರಾಡಿಗೆ ಒಂದು ಜಿಪ್ ಟೈ ಬಿಗಿದು, ಸೀಲ್ ತನಕ ಇಳಿಸಿ, ದಿನಾ ಹೋಗುವ ರಸ್ತೆಯಲ್ಲಿ ಓಡಿಸಿ ಬಂದೆ. ಸೀಲು ಟೈಯನ್ನು ಎಲ್ಲಿಯವರೆಗೆ ತಳ್ಳಿತೋ ಅಲ್ಲಿಯವರೆಗೆ ರಾಡು ಒಳಗೆ ಹೋಗಿದೆ ಅಂತ ಅರ್ಥ. ಇನ್ವರ್ಟೆಡ್ (ತಲೆಕೆಳಗಾಗಿ ಕೂರಿಸಿದ) ಶಾಕ್ ಇದ್ದವರಿಗೆ ಇದು ನಡೆಯದು. ಮೊದಲು ನಿಂತ ಎತ್ತರದಲ್ಲಿ ಬಂಪ್ ಸ್ಟಾಪಿನ ತನಕ 45 ಮಿಲಿಮೀಟರಿನಷ್ಟು ಖಾಲಿ ಜಾಗ ಇತ್ತು, ತಗ್ಗಿಸಿದ ಮೇಲೆ ಉಳಿದದ್ದು ಸುಮಾರು 20. ನನ್ನ ರಸ್ತೆಗೆ ಬೇಕಾದದ್ದು 30. ಅಂದರೆ ಪ್ರತಿ ಹಳ್ಳದಲ್ಲೂ ಕಾರು ಕೂರುತ್ತಿದ್ದದ್ದು ಬಂಪ್ ಸ್ಟಾಪಿನ ಮೇಲೆ, ಸ್ಪ್ರಿಂಗ್ ಮೇಲಲ್ಲ. ಈ ಟೈ ನೋಡಿದ ಮೇಲೆ ಪೂರ್ತಿ ಕಿಟ್ಟಿಗೆ ದುಡ್ಡು ಹಾಕುವುದಕ್ಕೆ ಮನಸ್ಸು ಗಟ್ಟಿಯಾಯಿತು. ಕಿಟ್ಟಿನ ಶಾಕ್‌ಗಳ ದೇಹವೇ ಗಿಡ್ಡ, ಹಾಗಾಗಿ ಕಾರು ತಗ್ಗಿದರೂ ಆ ಜಾಗ ಮರಳಿ ಸಿಗುತ್ತದೆ. ಜೊತೆಗೆ ರೀಬೌಂಡ್, ಅಂದರೆ ಒತ್ತಿದ ಶಾಕ್ ಮರಳಿ ಚಾಚುವಾಗಿನ ತಡೆ, ಹೊಂದಿಸಲು ಕ್ಲಿಕ್ ಇದೆ.

ಹಣದ ಲೆಕ್ಕ ಪಾಲಿನಲ್ಲಿ ಹೇಳುತ್ತೇನೆ. ಗ್ಯಾರೇಜಿನಲ್ಲಿ ಕೇಳಿದ ಕೂಲಿ ಕಿಟ್ ಬೆಲೆಯ ಹೆಚ್ಚೂಕಡಿಮೆ ಕಾಲು ಭಾಗ, ಅದೂ ಒಂದು ಸಲಕ್ಕೆ. ನಾನು ಎರಡು ಸಲ ಕಳಚಿದ್ದೇನೆ, ಟಾಪ್ ಮೌಂಟಿಗಾಗಿ (ಸ್ಟ್ರಟ್ಟಿನ ತಲೆಯನ್ನು ಬಾಡಿಗೆ ಕೂರಿಸುವ ರಬ್ಬರಿನ ಭಾಗ) ಮುಂಭಾಗವನ್ನು ಇನ್ನೂ ಒಂದು ಸಲ. ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ವ್ರೆಂಚ್, ಇನ್ನೊಂದು ಜೊತೆ ಜಾಕ್ ಸ್ಟ್ಯಾಂಡ್ ಎಲ್ಲ ಸೇರಿ ಒಂದು ಸಲದ ಕೂಲಿಯ ಅರ್ಧವೂ ಆಗಲಿಲ್ಲ. ಕಂಪ್ರೆಸರ್ ವಿಷಯದಲ್ಲಿ ಮಾತ್ರ ಅಗ್ಗದ್ದು ಬೇಡ. ಮುಂದಿನ ಸ್ಪ್ರಿಂಗ್ ಒತ್ತಿದಾಗ ಅದರಲ್ಲಿ ಇನ್ನೂರೈವತ್ತು, ಮುನ್ನೂರು ಕಿಲೋ ತೂಕದ ಬಲ ಕೂತಿರುತ್ತದೆ. ಕೊಕ್ಕೆ ಜಾರಿದರೆ ಕೈ ಉಳಿಯುವುದಿಲ್ಲ. ಎರಡೂ ಕೊಕ್ಕೆ ಎದುರುಬದುರು, ಒಂದೊಂದಕ್ಕೆ ಎರಡೆರಡು ಸುತ್ತು, ಮುಖ ಯಾವತ್ತೂ ಸ್ಪ್ರಿಂಗಿನ ತುದಿಯ ನೇರಕ್ಕಿಲ್ಲ.

ಕಳಚುವ ಕ್ರಮ ನಿಮಗೆ ಗೊತ್ತಿರುವುದೇ, ನನಗೆ ಸಮಯ ತಿಂದ ಜಾಗಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಲಿಂಕ್ ರಾಡ್, ತಿರುವಿನಲ್ಲಿ ಬಾಡಿ ವಾಲದಂತೆ ಹಿಡಿಯುವ ಸ್ಟೇಬಿಲೈಸರ್ ಬಾರನ್ನು ಸ್ಟ್ರಟ್ಟಿಗೆ ಜೋಡಿಸುವ ಕಡ್ಡಿ. ತುಕ್ಕು ಹಿಡಿದ ನಟ್ಟಿನ ಜೊತೆ ಬಾಲ್ ಜಾಯಿಂಟೇ ತಿರುಗುತ್ತದೆ, ಆಲನ್ ಕೀ ಹಿಡಿಯುವ ತೂತು ಸವೆದು ಗುಂಡಾಗುತ್ತದೆ. ಒಂದು ಕಡೆಯದಕ್ಕೆ ಒಂದು ಮಧ್ಯಾಹ್ನವೇ ಹೋಯಿತು, ಕೊನೆಗೆ ಗ್ರೈಂಡರ್ ಹಿಡಿದು ಕತ್ತರಿಸಿದೆ. ಹೊಸ ಲಿಂಕ್ ರಾಡ್ ಇಡೀ ಕೆಲಸದಲ್ಲೇ ಅತಿ ಅಗ್ಗದ ಭಾಗ, ಮೊದಲೇ ತಂದಿಟ್ಟುಕೊಳ್ಳಿ. ಎರಡನೆಯದು ನಕಲ್ (knuckle), ಚಕ್ರದ ಹಬ್ ಹಿಡಿಯುವ ಲೋಹದ ಭಾಗ. ಸ್ಟ್ರಟ್ಟಿನ ಎರಡು ಬೋಲ್ಟು ತೆಗೆದ ಕೂಡಲೇ ಅದು ಹೊರಗೆ ವಾಲುತ್ತದೆ. ಹಾಗೇ ಬಿಟ್ಟರೆ ಬ್ರೇಕ್ ಹೋಸ್ ಮೇಲೆ ಭಾರ, ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಬಿಚ್ಚಿಕೊಳ್ಳುವ ಅಪಾಯ. ತಂತಿಯಲ್ಲಿ ಕಟ್ಟಿ ನಿಲ್ಲಿಸಬೇಕು. ಸ್ಟ್ರಟ್ಟಿಗೆ ಅಂಟಿಕೊಂಡ ನಕಲ್ಲನ್ನು ಸುತ್ತಿಗೆ ಮುಟ್ಟಿಸದೆ ಬಿಡಿಸುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಶಾಕಿನ ತುದಿಯ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ರಾಡು ಗಿರ್ರನೆ ತಿರುಗಿ ಒಳಗಿನ ಸೀಲಿಗೆ ಪೆಟ್ಟು. ಆಲನ್ ಕೀಯಲ್ಲಿ ರಾಡು ಹಿಡಿದು, ಬಾಗಿದ ರಿಂಗ್ ಪಾನಾದಲ್ಲಿ ನಟ್ಟು ತಿರುಗಿಸಿದರೆ ಸಾಕು.

ಹೊಸ ಸ್ಟ್ರಟ್ಟಿನಲ್ಲಿ ಎಬಿಎಸ್ ವೈರ್ ಹಿಡಿಯುವ ಕ್ಲಿಪ್ಪಿನ ಜಾಗ ಹಳೆಯದಕ್ಕಿಂತ ಎರಡು ಸೆಂಟಿಮೀಟರ್ ಕೆಳಗಿತ್ತು. ಚಕ್ರ ನೇರ ಇದ್ದಾಗ ಗೊತ್ತೇ ಆಗುವುದಿಲ್ಲ. ಜಾಕಿ ಮೇಲೆ ಪೂರ್ತಿ ಜೋತ ಸ್ಥಿತಿಯಲ್ಲಿ ಎರಡೂ ಕಡೆ ಕೊನೆತನಕ ಸ್ಟೀರಿಂಗ್ ತಿರುಗಿಸಿದಾಗ ವೈರು ತಂತಿವಾದ್ಯದ ಹಾಗೆ ಬಿಗಿಯಿತು. ತಗಡಿನ ಒಂದು ಸಣ್ಣ ಪಟ್ಟಿ ಮಡಚಿ, ರಬ್ಬರ್ ಸುತ್ತಿ, ಬೇರೆ ಕ್ಲಿಪ್ ಮಾಡಿಕೊಂಡೆ. ಇದನ್ನು ನೋಡದೆ ರಸ್ತೆಗೆ ಇಳಿಸಬೇಡಿ.

ಟಾಪ್ ಮೌಂಟ್ ಕಥೆ ಬೇರೆ. ಹಳೆಯವು ಕಣ್ಣಿಗೆ ಚೆನ್ನಾಗಿಯೇ ಇದ್ದವು, ಬೇರಿಂಗ್ ಕೂಡ ಸಲೀಸಾಗಿ ತಿರುಗುತ್ತಿತ್ತು. ಅವನ್ನೇ ಹಾಕಿ ಏಳೆಂಟು ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಎಡಗಡೆ ಟಕ್ ಟಕ್ ಶುರುವಾಯಿತು. ನಟ್ಟುಗಳೆಲ್ಲ ಬಿಗಿಯಾಗಿವೆ, ಲಿಂಕ್ ರಾಡ್ ಹೊಸದು. ಬಾನೆಟ್ ತೆಗೆದು ಮೌಂಟಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿಸಿದಾಗ ಬೆರಳಿಗೇ ತಾಕಿತು: ರಬ್ಬರು ಒಳಗಿನ ಲೋಹದಿಂದ ಬಿಟ್ಟುಕೊಂಡಿದೆ. ಮೆತ್ತನೆಯ ಶಾಕ್ ಇದ್ದಷ್ಟು ದಿನ ಅದು ಸುಮ್ಮನಿತ್ತು, ಬಿಗಿ ರೀಬೌಂಡ್ ಎಳೆದ ಮೇಲೆ ಬಾಯಿಬಿಟ್ಟಿತು. ಎರಡೂ ಕಡೆ ಹೊಸದು ಹಾಕಿದ ಮೇಲೆ ನಿಶ್ಶಬ್ದ. ಕಿಟ್ ತರುವಾಗಲೇ ಮೌಂಟು, ಬೇರಿಂಗು, ಸ್ಪ್ರಿಂಗ್ ಸೀಟಿನ ರಬ್ಬರು ಜೊತೆಗೇ ತನ್ನಿ. ಇವೆಲ್ಲ ಸೇರಿ ಕಿಟ್ಟಿನ ಹತ್ತನೇ ಒಂದು ಪಾಲು, ಬಿಟ್ಟರೆ ಕೆಲಸವೂ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ) ಖರ್ಚೂ ಇನ್ನೊಮ್ಮೆ. ಸೀಟಿನ ರಬ್ಬರು ಚಿಕ್ಕದು ಅಂತ ಬಿಡಬೇಡಿ. ನನ್ನ ಕಾರು ಹಿಂದೆ ಎಡಬಲ ಎಂಟು ಮಿಲಿಮೀಟರ್ ವ್ಯತ್ಯಾಸದಲ್ಲಿ ನಿಂತಿತ್ತು, ಎಡಗಡೆಯ ಹಳೆಯ ರಬ್ಬರು ಚಪ್ಪಟೆಯಾಗಿ ಹೋಗಿತ್ತು. ಬದಲಿಸಿದ ಮೇಲೆ ವ್ಯತ್ಯಾಸ ಎರಡು ಮೂರಕ್ಕೆ ಇಳಿಯಿತು.

ಈಗ ಅನೇಕ ಗ್ಯಾರೇಜುಗಳಲ್ಲೂ ಅವಸರಕ್ಕೆ ಬಿಟ್ಟುಹೋಗುವ ಕೆಲಸ. ರಬ್ಬರ್ ಬುಷ್ (ಕೀಲಿನೊಳಗೆ ಕೂರುವ ರಬ್ಬರ್ ಉಂಗುರ) ಇರುವ ಬೋಲ್ಟುಗಳನ್ನು, ಅಂದರೆ ಲೋವರ್ ಆರ್ಮ್, ಹಿಂದಿನ ಬೀಮಿನ ಮುಂದಿನ ಪಿವಟ್, ಹಿಂದಿನ ಶಾಕಿನ ಕೆಳಗಿನ ಕಣ್ಣು, ಇವನ್ನು ಚಕ್ರ ಜೋತಾಡುವಾಗ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಡದ ಬಿಗಿತ ಸೇರಿಸುತ್ತದೆ, ಬೇಗ ಹರಿಯುತ್ತದೆ. ತಗ್ಗಿಸಿದ ಕಾರಿನಲ್ಲಿ ಇನ್ನೂ ಒಂದು ಮಾತಿದೆ: ಈ ಬೋಲ್ಟುಗಳನ್ನು ನೀವು ಮುಟ್ಟದೇ ಇದ್ದರೂ ಅವು ಹಳೆಯ ಎತ್ತರಕ್ಕೆ ಬಿಗಿಯಾಗಿರುತ್ತವೆ. ನಾನು ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆಗಳನ್ನು ಇಟ್ಟು, ಕಾರಿನ ಪೂರ್ತಿ ತೂಕ ಚಕ್ರದ ಮೇಲೆ ಬಿಟ್ಟು, ಮುಂದೆ ಹಿಂದೆ ಒತ್ತಿ ಕುಣಿಸಿ ಕೂರಿಸಿ, ಎಲ್ಲ ಬುಷ್ ಬೋಲ್ಟುಗಳನ್ನೂ ಸಡಿಲಿಸಿ ಮತ್ತೆ ಬಿಗಿದೆ. ಇದನ್ನು ಮಾಡಿದ ದಿನವೇ ಸಣ್ಣ ಕಂಪನಗಳು ಕಡಿಮೆಯಾದದ್ದು ಸೀಟಿನಲ್ಲಿ ಕೂತವರಿಗೆಲ್ಲ ತಿಳಿಯಿತು. ಟಾರ್ಕ್ ನೆನಪಿನ ಮೇಲೆ ಹೇಳುವುದಾದರೆ ನಕಲ್ ಬೋಲ್ಟಿಗೆ ನೂರರ ಆಸುಪಾಸು ನ್ಯೂಟನ್ ಮೀಟರ್, ಟಾಪ್ ನಟ್ಟಿಗೆ ಐವತ್ತು ಅರವತ್ತು, ಮೇಲಿನ ಮೂರು ಚಿಕ್ಕ ನಟ್ಟುಗಳಿಗೆ ಇಪ್ಪತ್ತು ಚಿಲ್ಲರೆ. ನಿಮ್ಮ ಕಾರಿನ ಮ್ಯಾನುಯಲ್ ನೋಡಿಯೇ ಹಾಕಿ.

ನಡುವೆ ಒಂದಿಷ್ಟು ಪ್ರಯೋಗಗಳೂ ನಡೆದವು. ಹಿಂದೆ ಶಾಕ್ ಬೇರೆ, ಸ್ಪ್ರಿಂಗ್ ಬೇರೆ ಇರುವುದರಿಂದ ಶಾಕಿನ ಕೆಳಗಿನ ಬೋಲ್ಟು ಬಿಚ್ಚಿ, ಕಾರನ್ನು ನೆಲದ ಮೇಲೇ ನಿಲ್ಲಿಸಿ, ಡಿಕ್ಕಿಯಲ್ಲಿ ಫೋನ್ ಇಟ್ಟು, ಒತ್ತಿ ಬಿಟ್ಟೆ. ಫೋನಿನ ಆಕ್ಸಲರೋಮೀಟರ್ ಗ್ರಾಫಿನಲ್ಲಿ ಅಲೆಗಳನ್ನು ಎಣಿಸಿದರೆ ಸ್ವಾಭಾವಿಕ ಕಂಪನ ಸೆಕೆಂಡಿಗೆ ಎಷ್ಟು ಅಂತ ಸಿಗುತ್ತದೆ. ಹೊಸ ಸ್ಪ್ರಿಂಗಿಗೆ 1.7ರ ಹತ್ತಿರ ಬಂತು. ಮುಂದೆ ಸ್ಟ್ರಟ್ ಆದ್ದರಿಂದ ಹಾಗೆ ಅಳೆಯಲಾಗದು, ಲೆಕ್ಕದಲ್ಲಿ ಒಂದೂವರೆ. ಹಿಂಭಾಗ ಮುಂಭಾಗಕ್ಕಿಂತ ತುಸು ಚುರುಕಾಗಿದ್ದರೆ ಉಬ್ಬು ದಾಟಿದ ಮೇಲೆ ಕಾರು ಮುಂದೆ ಹಿಂದೆ ತೊನೆಯದೆ ಸಮನಾಗಿ ಏರಿಳಿಯುತ್ತದೆ. ಕ್ಯಾಡಿಲಾಕ್‌ನಲ್ಲಿ ಮಾರಿಸ್ ಓಲಿ 1930ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ನನ್ನ ಅಂಗಳದ ಗ್ರಾಫು ಅದರ ಜೊತೆ ಹೊಂದಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಸ್ಟೇಬಿಲೈಸರ್ ಬಾರಿಗೆ ಪಾಲಿಯುರೆಥೇನ್ ಬುಷ್ ಕೂಡ ಹಾಕಿ ನೋಡಿದೆ. ಸಿಲಿಕೋನ್ ಗ್ರೀಸ್ ಹಚ್ಚಿದರೂ ಮಳೆ ಕಳೆದ ಮೇಲೆ ಕಿರ್ ಅನ್ನುತ್ತಿತ್ತು, ಲಾಭ ಏನೂ ಕಾಣಲಿಲ್ಲ, ರಬ್ಬರಿಗೇ ವಾಪಸಾದೆ. ಟೈರಿನ ಗಾಳಿಯನ್ನು ಎರಡು ಪಿಎಸ್‌ಐ ಇಳಿಸಿದಾಗ ಸಣ್ಣ ಗರಗರ ಎಷ್ಟು ತಗ್ಗಿತೋ ಅಷ್ಟನ್ನು ರೀಬೌಂಡಿನ ಎರಡು ಕ್ಲಿಕ್ಕೂ ಕೊಡಲಿಲ್ಲ.

ಅಲೈನ್‌ಮೆಂಟ್ ತನಕ ಕಾರು ಓಡಿಸಿಕೊಂಡು ಹೋಗಲಾಗದು ಅನ್ನುವವರಿಗೆ: ದಾರ ಕಟ್ಟಿ. ಕಾರಿನ ಎರಡೂ ಬದಿಗೆ, ಚಕ್ರದ ನಡುವಿನ ಎತ್ತರದಲ್ಲಿ ಸಮಾನಾಂತರ ದಾರ ಎಳೆದು, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ಅಂತರ ಅಳೆದು ಟೋ, ಅಂದರೆ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವ ಪ್ರಮಾಣ, ಹೊಂದಿಸಿದೆ. ಆಮೇಲೆ ಯಂತ್ರದಲ್ಲಿ ನೋಡಿದಾಗ ವ್ಯತ್ಯಾಸ ಒಂದು ಮಿಲಿಮೀಟರ್ ಒಳಗೆ, ಯಂತ್ರ ನಡೆಸುವವರೇ ಎರಡು ಸಲ ನೋಡಿದರು. ಕ್ಯಾಂಬರ್ (ಚಕ್ರದ ಮೇಲ್ತುದಿಯ ವಾಲು) ಅರ್ಧ ಡಿಗ್ರಿಯಷ್ಟು ಒಳಗೆ ಹೋಗಿತ್ತು, ನಕಲ್ ಬೋಲ್ಟಿನ ಸಡಿಲದಲ್ಲೇ ಎಡಬಲ ಸಮ ಮಾಡಿಕೊಂಡೆವು. ಯಂತ್ರಕ್ಕೆ ಹೋಗಲು ಅವಸರ ಮಾಡಬೇಡಿ. ಹೊಸ ಸ್ಪ್ರಿಂಗ್‌ಗಳು ಮೊದಲ ಮುನ್ನೂರು ನಾನೂರು ಕಿಲೋಮೀಟರಿನಲ್ಲಿ ನಾಲ್ಕೈದು ಮಿಲಿಮೀಟರ್ ಕುಸಿದವು, ಅದಕ್ಕೆ ಮೊದಲೇ ಕೊಟ್ಟ ದುಡ್ಡು ನೀರುಪಾಲು.

ಇನ್ನು ಬಂಪ್ ಸ್ಟಾಪ್. ಕಿಟ್ಟಿನ ಶಾಕ್ ಹಾಕಿದ ಮೇಲೆ ಖಾಲಿ ಜಾಗ ನಲವತ್ತರ ಹತ್ತಿರ ಬಂತು. ಜಿಪ್ ಟೈ ಪ್ರಕಾರ ದಿನದ ರಸ್ತೆಗೆ ಸಾಕು, ನಾಲ್ಕು ಜನ ಕೂತರೆ ತಾಗುತ್ತಿತ್ತು. ಬಂಪ್ ಸ್ಟಾಪನ್ನು ತೆಗೆದೇ ಹಾಕುವ ಹುಚ್ಚು ಬೇಡ, ಪಿಸ್ಟನ್ ನೇರ ತಳಕ್ಕೆ ಬಡಿದರೆ ಶಾಕಿನ ಕತೆ ಮುಗಿಯಿತು. ನಾನು ಒಂದಿಷ್ಟು ಕತ್ತರಿಸಿದೆ. ಎಷ್ಟು, ಯಾವ ತುದಿಯಿಂದ, ಕ್ಲಿಕ್ ಎಲ್ಲಿಗೆ ನಿಲ್ಲಿಸಿದೆ ಅನ್ನುವುದನ್ನು ಬರೆಯುವುದಿಲ್ಲ. ಅದು ಈ ಕಾರಿಗೆ, ಈ ತೂಕಕ್ಕೆ ತಿಂಗಳುಗಟ್ಟಲೆ ಓಡಿಸಿ ಹೊಂದಿಸಿದ್ದು. ನಿಮ್ಮ ರಾಡಿಗೆ ಟೈ ಕಟ್ಟಿ, ನಾಲ್ಕು ಜನರನ್ನು ಕೂರಿಸಿಕೊಂಡು ನಿಮ್ಮ ಅತಿ ಕೆಟ್ಟ ರಸ್ತೆಯಲ್ಲಿ ಓಡಿಸಿ, ಆಮೇಲೆ ಅಳತೆಪಟ್ಟಿ ಹಿಡಿಯಿರಿ. ಕತ್ತರಿಸುವಾಗ ಒಮ್ಮೆಗೆ ಐದು ಮಿಲಿಮೀಟರ್ ಮೀರಬೇಡಿ. ಐನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಇನ್ನೊಂದು ಸಲ ಟಾರ್ಕ್ ವ್ರೆಂಚ್ ಹಾಕಿ. ನನ್ನಲ್ಲಿ ಹಿಂದಿನ ಬಲ ಶಾಕಿನ ಕೆಳಗಿನದೊಂದು ಕಾಲು ಸುತ್ತು ತಿರುಗಿತು, ಉಳಿದವು ಅಲುಗಲಿಲ್ಲ.